ಕನಸನ್ನು ನೆನಪಿಡುವುದು, ಕನಸಿನೊಳಗೆ ಎಚ್ಚರವಾಗುವುದು



"ರಾತ್ರಿ ನಿದ್ದೆ ಬಂತಾ?" ಎಂದು ಬೆಳಿಗ್ಗೆ ವಾರ್ಡಿನಲ್ಲಿ ನಾವು ಎಲ್ಲರನ್ನೂ ಕೇಳುತ್ತೇವೆ. "ಬಂತು ಸಿಸ್ಟರ್, ಆದರೆ ಬರೀ ಕೆಟ್ಟ ಕನಸು" ಎನ್ನುವವರು ಬಹಳ. ಅಪಘಾತವಾಗಿ ಬಂದವರು, ದೊಡ್ಡ ಆಪರೇಶನ್ ಆದವರು, ಐ.ಸಿ.ಯು.ನಲ್ಲಿ ಹಲವು ದಿನ ಇದ್ದವರು ಕನಸಿನ ಹೆದರಿಕೆಯಿಂದ ಮಲಗುವುದಕ್ಕೇ ಹಿಂಜರಿಯುವುದುಂಟು. ನಿದ್ದೆ ಕೆಟ್ಟರೆ ನೋವು ಹೆಚ್ಚು ಅನಿಸುತ್ತದೆ, ಬಿ.ಪಿ. ಮತ್ತು ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ, ಮನಸ್ಸು ಕುಗ್ಗುತ್ತದೆ. ಆದ್ದರಿಂದ ಕನಸು ಆಸ್ಪತ್ರೆಗೆ ಸಂಬಂಧವಿಲ್ಲದ ವಿಷಯವೇನಲ್ಲ. ಈ ಪಾಠದಲ್ಲಿ ಮೂರು ಸಂಗತಿ ಕಲಿಯೋಣ: ಕನಸನ್ನು ನೆನಪಿಡುವುದು ಹೇಗೆ, ಕನಸಿನೊಳಗೆ "ಇದು ಕನಸು" ಎಂದು ಅರಿಯುವುದು ಹೇಗೆ, ಪದೇ ಪದೇ ಕಾಡುವ ಕೆಟ್ಟ ಕನಸನ್ನು ಬದಲಿಸುವುದು ಹೇಗೆ. ಜೊತೆಗೆ, ಯಾವ ಕನಸಿಗೆ ಅಭ್ಯಾಸ ಸಾಲದು, ವೈದ್ಯರೇ ಬೇಕು ಎಂಬುದನ್ನೂ ತಿಳಿಯೋಣ.

ಕನಸು ಯಾವಾಗ ಬೀಳುತ್ತದೆ?

ಜಾಗೃತ, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳನ್ನು ನಮ್ಮ ಹಿರಿಯರು ಬಹು ಹಿಂದೆಯೇ ಹೇಳಿದ್ದಾರೆ. ಮಾಂಡೂಕ್ಯ ಉಪನಿಷತ್ತಿನಲ್ಲಿ ಇವುಗಳ ವಿವರಣೆ ಇದೆ. ಇಂದಿನ ವಿಜ್ಞಾನವೂ ನಿದ್ದೆ ಒಂದೇ ತೆರನಾಗಿಲ್ಲ ಎನ್ನುತ್ತದೆ. 1953ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಅವರು, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಕೆಲವು ಹೊತ್ತು ವೇಗವಾಗಿ ಓಡಾಡುವುದನ್ನು ಗುರುತಿಸಿದರು. ಈ ನಿದ್ದೆಗೆ 'ರೆಮ್ ನಿದ್ದೆ' ಎಂದು ಹೆಸರು. ಈ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಸ್ಪಷ್ಟವಾದ ಕನಸು ಹೇಳುತ್ತಾರೆ.

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ರಾತ್ರಿಗೆ ನಾಲ್ಕರಿಂದ ಆರು ಸುತ್ತು. ಪ್ರತಿ ಸುತ್ತಿನ ಕೊನೆಗೆ ರೆಮ್ ನಿದ್ದೆ ಬರುತ್ತದೆ. ಮೊದಲನೆಯದು ಕೆಲವೇ ನಿಮಿಷ. ಬೆಳಗಿನ ಜಾವದ್ದು ಅರ್ಧ ಗಂಟೆಗೂ ಮೀರಬಹುದು. ವಯಸ್ಕರ ನಿದ್ದೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇದೇ. ಬೆಳಗಿನ ಜಾವದ ಕನಸು ಉದ್ದವಾಗಿ, ಕಣ್ಣಿಗೆ ಕಟ್ಟಿದಂತೆ ಇರುವುದಕ್ಕೆ ಇದೇ ಕಾರಣ. ಬೆಳಗಿನ ಕನಸು ನಿಜವಾಗುತ್ತದೆ ಎಂಬ ನಂಬಿಕೆಗೂ ಬಹುಶಃ ಇದೇ ಮೂಲ. ಸ್ಪಷ್ಟವಾಗಿ ಕಂಡದ್ದನ್ನು ಮನಸ್ಸು ನಂಬಿಬಿಡುತ್ತದೆ.

ರೆಮ್ ನಿದ್ದೆಯಲ್ಲಿ ಇನ್ನೊಂದು ವಿಶೇಷವಿದೆ. ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟು ಕೈಕಾಲುಗಳ ಸ್ನಾಯುಗಳನ್ನು ಮೆದುಳು ಸಡಿಲಿಸಿ ಇಟ್ಟಿರುತ್ತದೆ. ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡದಿರುವುದು ಇದರಿಂದಲೇ. ಈ ಸಂಗತಿಯನ್ನು ನೆನಪಿಡಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಕನಸು ಏಕೆ ಮರೆತುಹೋಗುತ್ತದೆ?

"ನನಗೆ ಕನಸೇ ಬೀಳುವುದಿಲ್ಲ" ಎನ್ನುವವರಿಗೂ ಸಾಮಾನ್ಯವಾಗಿ ಕನಸು ಬೀಳುತ್ತದೆ, ಆದರೆ ನೆನಪು ಉಳಿಯುವುದಿಲ್ಲ. ನೆನಪು ಗಟ್ಟಿಯಾಗಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ರೆಮ್ ನಿದ್ದೆಯಲ್ಲಿ ಬಹಳ ಕಡಿಮೆ ಇರುತ್ತದೆ. ಕನಸು ಮುಗಿದೊಡನೆ ಎಚ್ಚರವಾಗದೆ ನಿದ್ದೆ ಮುಂದುವರಿದರೆ ಅದು ಅಳಿಸಿಹೋಗುತ್ತದೆ. ಎಚ್ಚರವಾದರೂ, ಕಣ್ಣು ಬಿಟ್ಟ ತಕ್ಷಣ "ಹಾಲಿನವನು ಬಂದನೋ ಇಲ್ಲವೋ" ಎಂದು ಯೋಚಿಸಿದರೆ ಕನಸು ಜಾರಿಹೋಗುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಸಂಶೋಧಕರು, ಕನಸು ಚೆನ್ನಾಗಿ ನೆನಪಿಡುವವರು ರಾತ್ರಿಯಲ್ಲಿ ಒಟ್ಟಾರೆ ಹೆಚ್ಚು ಹೊತ್ತು ಎಚ್ಚರವಾಗಿರುತ್ತಾರೆ ಎಂದು ತೋರಿಸಿದ್ದಾರೆ. ಆದ್ದರಿಂದ ಗಾಢವಾಗಿ ಮಲಗಿ, ಕನಸು ನೆನಪಿಲ್ಲದೆ ಹುರುಪಿನಿಂದ ಏಳುವವರು ಚಿಂತಿಸಬೇಕಾಗಿಲ್ಲ. ಅದು ಕಾಯಿಲೆಯಲ್ಲ.

ಕನಸು ನೆನಪಿಡುವ ಅಭ್ಯಾಸ

1. ಮೊದಲು ನಿದ್ದೆ ಸರಿಯಾಗಲಿ. ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ತಡವಾಗಿ ಮಲಗಿ ಬೇಗ ಎದ್ದರೆ ಕತ್ತರಿಸಿಹೋಗುವುದು ಬೆಳಗಿನ ಜಾವದ ಉದ್ದನೆಯ ಕನಸಿನ ಹೊತ್ತೇ.

2. ಸಂಜೆಯ ಮೇಲೆ ಚಹಾ, ಕಾಫಿ ಬಿಡಿ. ಮದ್ಯ ಬೇಡವೇ ಬೇಡ. ಮದ್ಯ ರಾತ್ರಿಯ ಮೊದಲ ಭಾಗದಲ್ಲಿ ರೆಮ್ ನಿದ್ದೆಯನ್ನು ಒತ್ತಿಹಿಡಿಯುತ್ತದೆ, ನಂತರ ನಿದ್ದೆಯನ್ನೇ ಕೆಡಿಸುತ್ತದೆ.

3. ದಿಂಬಿನ ಬಳಿ ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟುಕೊಳ್ಳಿ. ಮಲಗುವಾಗ "ಇಂದು ಕನಸು ನೆನಪಿಡುತ್ತೇನೆ" ಎಂದು ಎರಡು ಮೂರು ಸಲ ಮನಸ್ಸಿನಲ್ಲಿ ಹೇಳಿಕೊಳ್ಳಿ. ಸಣ್ಣ ವಿಷಯ ಅನಿಸಿದರೂ ಈ ಸಂಕಲ್ಪದಿಂದ ಪ್ರಯೋಜನವಿದೆ.

4. ಎಚ್ಚರವಾದಾಗ ತಕ್ಷಣ ಏಳಬೇಡಿ, ಮಗ್ಗುಲೂ ಬದಲಿಸಬೇಡಿ. ಕಣ್ಣು ಮುಚ್ಚಿಯೇ "ಈಗ ನನ್ನ ಮನಸ್ಸಿನಲ್ಲಿ ಏನಿತ್ತು?" ಎಂದು ಕೇಳಿಕೊಳ್ಳಿ. ಒಂದು ತುಣುಕು ಸಿಕ್ಕರೆ ಅದರ ಹಿಂದಿನದು, ಅದರ ಹಿಂದಿನದು ಎಂದು ದಾರ ಎಳೆದಂತೆ ಹಿಂದಕ್ಕೆ ಹೋಗಿ.

5. ಏನೂ ನೆನಪಾಗದಿದ್ದರೆ ಹೆದರಿಕೆಯೋ ಸಂತೋಷವೋ ದುಃಖವೋ, ಮನಸ್ಸಿನ ಭಾವನೆ ಏನಿತ್ತು ಎಂದಾದರೂ ಗುರುತಿಸಿ. ಭಾವನೆಯ ಬೆನ್ನು ಹತ್ತಿ ಎಷ್ಟೋ ಸಲ ಚಿತ್ರ ಬರುತ್ತದೆ.

6. ಕೂಡಲೇ ನಾಲ್ಕು ಪದಗಳಲ್ಲಿ ಬರೆಯಿರಿ: "ಬಾವಿ, ತಮ್ಮ, ಮಳೆ, ಓಡಿದೆ." ವಿವರ ಆಮೇಲೆ ತುಂಬಿಸಬಹುದು. ಬರೆಯಲು ಬಾರದವರು ಪಕ್ಕದಲ್ಲಿರುವ ಮನೆಯವರಿಗೆ ಹೇಳಿ, ಇಲ್ಲವೇ ಮೊಬೈಲಿನಲ್ಲಿ ಧ್ವನಿ ದಾಖಲಿಸಿ. ವಾರ್ಡಿನಲ್ಲಿ ಇದ್ದರೆ ದೀಪ ಹಾಕಿ ಬೇರೆಯವರ ನಿದ್ದೆ ಕೆಡಿಸಬೇಡಿ.

ಹೀಗೆ ಎರಡು ಮೂರು ವಾರ ಮಾಡಿದರೆ, ಕನಸೇ ಇಲ್ಲ ಎನ್ನುತ್ತಿದ್ದ ಎಷ್ಟೋ ಜನರಿಗೆ ವಾರಕ್ಕೆ ಒಂದೆರಡಾದರೂ ಸಿಗತೊಡಗುತ್ತವೆ. ಆಗ ಪುಟ ತಿರುವಿ ನೋಡಿ. ಮತ್ತೆ ಮತ್ತೆ ಬರುವ ಸಂಗತಿಗಳ ಕೆಳಗೆ ಗೆರೆ ಎಳೆಯಿರಿ. ತೀರಿಹೋದ ಅಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವುದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದದೆ ಹೋಗಿರುವುದು, ಬಸ್ಸು ತಪ್ಪುವುದು, ನಾಯಿ ಅಟ್ಟಿಸಿಕೊಂಡು ಬರುವುದು. ಇವು ನಿಮ್ಮ 'ಕನಸಿನ ಗುರುತುಗಳು'. ಮುಂದಿನ ಅಭ್ಯಾಸಕ್ಕೆ ಇವೇ ಬಂಡವಾಳ.

ಕನಸಿನಲ್ಲಿ ಅರಿವು ಎಂದರೇನು?

ಕೆಲವೊಮ್ಮೆ ಕನಸು ಕಾಣುತ್ತಿರುವಾಗಲೇ "ಅರೆ, ಇದು ಕನಸು" ಎಂದು ತಿಳಿಯುತ್ತದೆ. ಇದಕ್ಕೆ ಅರಿವಿನ ಕನಸು ಎನ್ನೋಣ. ಇಂಗ್ಲಿಷಿನಲ್ಲಿ 'ಲೂಸಿಡ್ ಡ್ರೀಮ್' ಎನ್ನುತ್ತಾರೆ. ಡಚ್ ವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಟಿಬೆಟಿನ ಬೌದ್ಧ ಸಾಧಕರಲ್ಲಿ ಕನಸಿನ ಯೋಗವೆಂಬ ಸಾಧನೆ ಶತಮಾನಗಳಿಂದ ಇದೆ.

ಇದು ನಿಜವೇ ಅಥವಾ ಎದ್ದ ಮೇಲೆ ಹುಟ್ಟಿಸಿಕೊಂಡ ಕಥೆಯೇ ಎಂಬ ಸಂಶಯ ಬಹುಕಾಲ ಇತ್ತು. ಅದನ್ನು ಬಗೆಹರಿಸಿದ್ದು ಕಣ್ಣಿನ ಚಲನೆ. ರೆಮ್ ನಿದ್ದೆಯಲ್ಲಿ ಕಣ್ಣು ಮಾತ್ರ ಸಡಿಲವಾಗುವುದಿಲ್ಲ ಎಂದೆವಲ್ಲ? 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅವರ ಪ್ರಯೋಗದಲ್ಲಿ, ಮಲಗಿದ್ದ ವ್ಯಕ್ತಿ ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿಂದ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿ ಸೂಚನೆ ಕೊಟ್ಟ. ಯಂತ್ರ ಅದನ್ನು ದಾಖಲಿಸಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಅವರೂ ಸ್ವತಂತ್ರವಾಗಿ ಇದನ್ನೇ ತೋರಿಸಿ, 1981ರಲ್ಲಿ ಪ್ರಕಟಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ಗಳ ಸಂಶೋಧಕರು ಇನ್ನೂ ಮುಂದೆ ಹೋದರು. ಮಲಗಿದವರಿಗೆ "ಎಂಟರಲ್ಲಿ ಆರು ಕಳೆದರೆ ಎಷ್ಟು?" ಎಂಬಂಥ ಪ್ರಶ್ನೆ ಕೇಳಿದರು, ಕೆಲವರು ಕಣ್ಣಾಡಿಸಿ "ಎರಡು" ಎಂದು ಸರಿಯಾಗಿ ಉತ್ತರಿಸಿದರು. ಎಲ್ಲ ಸಲವೂ ಉತ್ತರ ಬರಲಿಲ್ಲ, ಆದರೆ ಬಂದದ್ದು ನಿಜ.

ಇದೇನು ಅಪರೂಪದ ಸಿದ್ಧಿಯಲ್ಲ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವರದಿಯಂತೆ, ನೂರರಲ್ಲಿ ಸುಮಾರು 55 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ.

ಅಭ್ಯಾಸದ ಕ್ರಮ

ಹಗಲಿನ ಪರೀಕ್ಷೆ: ದಿನಕ್ಕೆ ಎಂಟು ಹತ್ತು ಸಲ ನಿಂತು "ಈಗ ನಾನು ಎಚ್ಚರವಾಗಿದ್ದೇನೆಯೇ, ಕನಸಿನಲ್ಲಿದ್ದೇನೆಯೇ?" ಎಂದು ಮನಸ್ಸಿಟ್ಟು ಕೇಳಿಕೊಳ್ಳಿ. ಓ.ಪಿ.ಡಿ. ಚೀಟಿಯ ಮೇಲಿನ ನಂಬರು ಓದಿ, ಬೇರೆ ಕಡೆ ನೋಡಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ, ಅಂಕಿ, ಗಡಿಯಾರ ಎರಡನೇ ಸಲಕ್ಕೆ ಸಾಮಾನ್ಯವಾಗಿ ಬದಲಾಗಿರುತ್ತವೆ. ಅಥವಾ ಮೂಗು ಮೆಲ್ಲಗೆ ಮುಚ್ಚಿ, ಬಾಯಿಯನ್ನೂ ಮುಚ್ಚಿ ಉಸಿರೆಳೆಯಲು ನೋಡಿ. ಎಚ್ಚರದಲ್ಲಿ ಉಸಿರು ಬರುವುದಿಲ್ಲ, ಕನಸಿನಲ್ಲಿ ಬರುತ್ತದೆ. ಉಬ್ಬಸ, ಹೃದಯದ ತೊಂದರೆ ಅಥವಾ ಮೂಗಿನ ಆಪರೇಶನ್ ಆದವರು ಮೂಗಿನ ಪರೀಕ್ಷೆ ಬಿಟ್ಟು ಚೀಟಿಯ ಪರೀಕ್ಷೆಯನ್ನೇ ಮಾಡಲಿ. ಹಗಲಿನ ರೂಢಿ ಕನಸಿನಲ್ಲೂ ಬರುತ್ತದೆ ಎಂಬುದೇ ಇದರ ಗುಟ್ಟು. ಆದರೆ ಒಂದು ಎಚ್ಚರಿಕೆ: "ಕನಸೇ ಇರಬೇಕು" ಎಂದು ಎತ್ತರದಿಂದ ಹಾರುವುದು, ರಸ್ತೆಗೆ ನುಗ್ಗುವುದು, ಬೆಂಕಿ ಮುಟ್ಟುವುದು ಎಂದಿಗೂ ಪರೀಕ್ಷೆಯಲ್ಲ.

ಬೆಳಗಿನ ಜಾವದ ಸಂಕಲ್ಪ: ಇದು ಲಬರ್ಜ್ ಅವರು ರೂಪಿಸಿದ ವಿಧಾನ. ಸುಮಾರು ಐದು ಗಂಟೆ ನಿದ್ದೆಯಾದ ಮೇಲೆ ಎಚ್ಚರವಾದಾಗ, ಆಗ ತಾನೇ ಬಿದ್ದ ಕನಸನ್ನು ನೆನೆಯಿರಿ. ನಂತರ "ಮುಂದಿನ ಸಲ ಕನಸು ಬಿದ್ದಾಗ, ಇದು ಕನಸು ಎಂದು ನೆನಪು ಮಾಡಿಕೊಳ್ಳುತ್ತೇನೆ" ಎಂದು ನಿಧಾನವಾಗಿ ಹೇಳಿಕೊಳ್ಳುತ್ತಾ, ಅದೇ ಕನಸಿನಲ್ಲಿ ನಿಮ್ಮ ಕನಸಿನ ಗುರುತನ್ನು ಕಂಡು ಎಚ್ಚೆತ್ತಂತೆ ಕಲ್ಪಿಸಿಕೊಳ್ಳುತ್ತಾ ಮತ್ತೆ ನಿದ್ದೆಗೆ ಜಾರಿ. ಇದಕ್ಕೆ ಅಲಾರಾಂ ಇಡುವವರಿದ್ದಾರೆ. ರೋಗಿಗಳು ಮತ್ತು ಹಿರಿಯರು ಇಡಬೇಡಿ. ಮೂತ್ರಕ್ಕೆಂದು ನಾಲ್ಕು ಗಂಟೆಯ ಹೊತ್ತಿಗೆ ಹೇಗೂ ಎದ್ದಿರುತ್ತೀರಿ, ಅದೇ ಸಾಕು.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಗಲಿನ ಪರೀಕ್ಷೆ, ಐದು ಗಂಟೆಯ ನಂತರ ಏಳುವುದು ಮತ್ತು ಈ ಸಂಕಲ್ಪ ಮೂರನ್ನೂ ಒಂದು ವಾರ ಮಾಡಿದವರಿಗೆ ನೂರು ಪ್ರಯತ್ನಗಳಲ್ಲಿ ಸುಮಾರು 17ರಲ್ಲಿ ಅರಿವಿನ ಕನಸು ಬಿತ್ತು. ಸಂಕಲ್ಪ ಮಾಡಿ ಐದು ನಿಮಿಷದೊಳಗೆ ನಿದ್ದೆ ಹೋದವರಿಗೆ ಫಲ ಹೆಚ್ಚು. ಅಂದರೆ ಇದು ಜಿದ್ದಿಗೆ ಬಿದ್ದು ಮಾಡುವ ಕೆಲಸವಲ್ಲ. ಹೆಚ್ಚಿನ ರಾತ್ರಿಗಳಲ್ಲಿ ಏನೂ ಆಗದಿರುವುದೇ ಸಹಜ.

ಅರಿವು ಬಂದಾಗ: ಬಹಳ ಖುಷಿಯಾದರೆ ತಟ್ಟನೆ ಎಚ್ಚರವಾಗಿಬಿಡುತ್ತದೆ. ಶಾಂತವಾಗಿರಿ, ಕನಸಿನಲ್ಲೇ ಎರಡೂ ಅಂಗೈ ಉಜ್ಜಿಕೊಳ್ಳಿ, ಸುತ್ತಲಿನ ವಸ್ತು ಮುಟ್ಟಿ ನೋಡಿ. ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದರೆ ಓಡುವುದನ್ನು ನಿಲ್ಲಿಸಿ, ತಿರುಗಿ ನಿಂತು "ಯಾರು ನೀನು, ಏನು ಬೇಕು?" ಎಂದು ಕೇಳಿ. ಎಷ್ಟೋ ಸಲ ಹೆದರಿಸುವ ರೂಪ ಅಲ್ಲಿಯೇ ಕರಗುತ್ತದೆ. ಬೇಡವೆನಿಸಿದರೆ ಕನಸಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ತೆರೆಯಿರಿ, ಹಲವರಿಗೆ ಎಚ್ಚರವಾಗುತ್ತದೆ.

ಕೆಟ್ಟ ಕನಸಿನ ಕೊನೆ ಬದಲಿಸುವುದು

ಅರಿವಿನ ಕನಸು ಎಲ್ಲರಿಗೂ ಸಿಗುವುದಿಲ್ಲ. ಆದರೆ ಪದೇ ಪದೇ ಬರುವ ಕೆಟ್ಟ ಕನಸಿಗೆ ಅದಕ್ಕಿಂತ ಸುಲಭವಾದ, ಹೆಚ್ಚು ಪರೀಕ್ಷೆಗೊಳಗಾದ ಉಪಾಯವಿದೆ. ಅದನ್ನು ಹಗಲಿನಲ್ಲಿ, ಎಚ್ಚರದಲ್ಲೇ ಮಾಡುವುದು. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ದುಃಸ್ವಪ್ನಗಳಿಂದ ನರಳುತ್ತಿದ್ದ ಮಹಿಳೆಯರಿಗೆ ಇದನ್ನು ಕಲಿಸಿ, ಕನಸುಗಳು ಕಡಿಮೆಯಾಗಿ ನಿದ್ದೆ ಸುಧಾರಿಸಿದ್ದನ್ನು 2001ರಲ್ಲಿ ವರದಿ ಮಾಡಿದರು. ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2018ರಲ್ಲಿ ದುಃಸ್ವಪ್ನಕ್ಕೆ ಶಿಫಾರಸು ಮಾಡಿದ ಚಿಕಿತ್ಸೆ ಇದೇ. ಅರಿವಿನ ಕನಸಿನ ಅಭ್ಯಾಸವನ್ನು ಅದು 'ಬಳಸಬಹುದು' ಎಂಬ ಪಟ್ಟಿಯಲ್ಲಿ ಇಟ್ಟಿದೆ.

ಬೈಕ್ ಅಪಘಾತವಾದ ಒಬ್ಬರಿಗೆ ರಾತ್ರಿಯೆಲ್ಲಾ ಎದುರಿನಿಂದ ಲಾರಿ ಬರುವ ಕನಸು ಎಂದಿಟ್ಟುಕೊಳ್ಳಿ. ಅವರು ಹೀಗೆ ಮಾಡಬೇಕು.

ಮೊದಲನೆಯದಾಗಿ, ಕನಸನ್ನು ಚಿಕ್ಕದಾಗಿ ಬರೆಯುವುದು. ಎರಡನೆಯದಾಗಿ, ಅದನ್ನು ತಮಗೆ ಬೇಕಾದಂತೆ ಬದಲಿಸಿ ಹೊಸದಾಗಿ ಬರೆಯುವುದು. ಲಾರಿ ದೂರದಲ್ಲೇ ನಿಧಾನವಾಗುತ್ತದೆ, ಚಾಲಕ ಇಳಿದು ಊರಿಗೆ ದಾರಿ ಕೇಳುತ್ತಾನೆ, ಇಬ್ಬರೂ ಹುಣಸೆಮರದ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಏನು ಬದಲಿಸಬೇಕು ಎಂಬುದು ಕನಸು ಕಂಡವರ ಇಷ್ಟ, ಬೇರೆಯವರು ಹೇಳಿಕೊಡಬಾರದು. ಮೂರನೆಯದಾಗಿ, ಹಗಲಿನಲ್ಲಿ 10-15 ನಿಮಿಷ ಕಣ್ಣು ಮುಚ್ಚಿ, ಹೊಸ ಕನಸನ್ನು ಮಾತ್ರ ಚಿತ್ರದಂತೆ ಮನಸ್ಸಿನಲ್ಲಿ ನಡೆಸುವುದು. ಹಳೆಯದನ್ನು ಮತ್ತೆ ಮೆಲುಕು ಹಾಕಬಾರದು. ಕೆಲವು ವಾರ ಬಿಡದೆ ಮಾಡಬೇಕು.

ಅತಿ ಭೀಕರವಾದ ಕನಸಿನಿಂದ ಆರಂಭಿಸಬೇಡಿ. ಚಿಕ್ಕ ಹೆದರಿಕೆಯ ಕನಸನ್ನು ಮೊದಲು ತೆಗೆದುಕೊಳ್ಳಿ. ಮಾಡುವಾಗ ಎದೆ ಬಡಿತ ಹೆಚ್ಚಿದರೆ, ಅಳು ತಡೆಯದಿದ್ದರೆ ನಿಲ್ಲಿಸಿ, ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವಿನಿಂದ ಮುಂದುವರಿಸಿ.

ಯಾರು ಅರಿವಿನ ಕನಸಿನ ಅಭ್ಯಾಸ ಮಾಡಬಾರದು?

ಇಲ್ಲದ ಧ್ವನಿ ಕೇಳುವುದು, ಇಲ್ಲದ್ದು ಕಾಣುವುದು ಮುಂತಾದ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಇದು ಬೇಡ. ಕನಸು ಯಾವುದು ನನಸು ಯಾವುದು ಎಂಬ ಗೊಂದಲ ಹೆಚ್ಚಬಹುದು. ಫಿಟ್ಸ್ ಇರುವವರು, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆ ಇರುವವರು ನಿದ್ದೆ ಮುರಿಯುವ ಯಾವ ಅಭ್ಯಾಸವನ್ನೂ ಮಾಡಬಾರದು. ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸುತ್ತದೆ. ರಾತ್ರಿ ಪಾಳಿಯವರು, ವಾಹನ ಓಡಿಸುವವರು, ಈಗಾಗಲೇ ನಿದ್ದೆ ಕಡಿಮೆ ಇರುವವರು ಮೊದಲು ನಿದ್ದೆ ತುಂಬಿಸಿಕೊಳ್ಳಲಿ. ಕನಸಿಗೆಂದು ಮಾರುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಯಾರೂ ತೆಗೆದುಕೊಳ್ಳಬಾರದು.

ಕನಸು ಕಾಯಿಲೆಯ ಸೂಚನೆಯಾದಾಗ

ಈ ಭಾಗವನ್ನು ದಯವಿಟ್ಟು ಮನೆಯವರೆಲ್ಲರೂ ಓದಿ.

• ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ಕೆಟ್ಟ ಕನಸು, ಬಟ್ಟೆ ಒದ್ದೆಯಾಗುವಷ್ಟು ಬೆವರು, ಬೆಳಿಗ್ಗೆ ತಲೆನೋವು ಇದ್ದರೆ ರಾತ್ರಿಯಲ್ಲಿ ಸಕ್ಕರೆ ಇಳಿಯುತ್ತಿರಬಹುದು. ಎಚ್ಚರವಾದಾಗ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ. ಔಷಧದ ಪ್ರಮಾಣವನ್ನು ವೈದ್ಯರು ಬದಲಿಸುತ್ತಾರೆ.

• ಐವತ್ತು ದಾಟಿದವರು ನಿದ್ದೆಯಲ್ಲಿ ಕೂಗುವುದು, ಕೈ ಬೀಸಿ ಹೊಡೆಯುವುದು, ಒದೆಯುವುದು, ಮಂಚದಿಂದ ಬೀಳುವುದು ಮಾಡುತ್ತಿದ್ದರೆ, ರೆಮ್ ನಿದ್ದೆಯಲ್ಲಿ ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗುತ್ತಿಲ್ಲ ಎಂದರ್ಥವಿರಬಹುದು. "ಕನಸಿನಲ್ಲಿ ಹೊಡೆದಾಡುತ್ತಾರೆ" ಎಂದು ನಕ್ಕು ಬಿಡಬೇಡಿ. ಕೆಲವರಲ್ಲಿ ಇದು ಪಾರ್ಕಿನ್ಸನ್‌ನಂಥ ನರರೋಗ ಬರುವುದಕ್ಕೆ ವರ್ಷಗಳ ಮೊದಲೇ ಕಾಣಿಸುತ್ತದೆ. ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ನೆಲದ ಮೇಲೆ ಹಾಸಿಗೆ ಹಾಕಿ, ಸುತ್ತ ಗಾಜು, ಕೋಲು, ಚೂಪಾದ ವಸ್ತು ಇಡಬೇಡಿ.

• ಜೋರು ಗೊರಕೆ, ನಡುನಡುವೆ ಉಸಿರು ನಿಂತಂತಾಗುವುದು, ಕತ್ತು ಹಿಸುಕಿದಂಥ ಕನಸಿನಿಂದ ಏದುಸಿರು ಬಿಡುತ್ತಾ ಏಳುವುದು, ಹಗಲಲ್ಲಿ ತೂಕಡಿಕೆ ಇದ್ದರೆ ಉಸಿರಾಟದ ತಪಾಸಣೆ ಬೇಕು.

• ಹೊಸ ಔಷಧ ಆರಂಭವಾದ ಮೇಲೆ ಕೆಟ್ಟ ಕನಸು ಶುರುವಾಯಿತೇ? ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್, ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್, ಕೆಲವು ಖಿನ್ನತೆಯ ಮಾತ್ರೆಗಳಿಂದ ಹೀಗಾಗಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯದ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಅಪಾಯ. ಚೀಟಿ ತಂದು ವೈದ್ಯರಿಗೆ ತೋರಿಸಿ.

• ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ಒತ್ತಿಹಿಡಿದಿದ್ದ ರೆಮ್ ನಿದ್ದೆ ಒಮ್ಮೆಲೇ ಹೆಚ್ಚಿ ಭೀಕರ ಕನಸು ಬರುತ್ತದೆ. ಜೊತೆಗೆ ಕೈನಡುಕ, ಎಚ್ಚರದಲ್ಲೇ ಇಲ್ಲದ್ದು ಕಾಣುವುದು, ಫಿಟ್ಸ್ ಇದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ.

ಕೆಲವು ಪ್ರಶ್ನೆಗಳು

ಎಚ್ಚರವಾದರೂ ಕೈಕಾಲು ಅಲುಗುವುದಿಲ್ಲ, ಎದೆಯ ಮೇಲೆ ಯಾರೋ ಕೂತಂತಾಗುತ್ತದೆ. ಇದು ದೆವ್ವವೇ?
ಅಲ್ಲ. ಮನಸ್ಸು ಎಚ್ಚರವಾಗಿ, ಸ್ನಾಯುಗಳು ಇನ್ನೂ ರೆಮ್ ನಿದ್ದೆಯ ಸಡಿಲದಲ್ಲೇ ಉಳಿದ ಸ್ಥಿತಿ ಅದು. ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ತಾನಾಗಿ ಹೋಗುತ್ತದೆ. ಉಸಿರಿನ ಮೇಲೆ ಗಮನವಿಟ್ಟು ಒಂದು ಬೆರಳು ಅಲುಗಿಸಲು ನೋಡಿ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು.

ಹಲ್ಲು ಬಿದ್ದ ಕನಸು ಬಿದ್ದರೆ ಮನೆಯಲ್ಲಿ ಸಾವೇ?
ಇಲ್ಲ. ಇದು ಲೋಕದ ಎಲ್ಲೆಡೆ ಜನ ಕಾಣುವ ಸಾಮಾನ್ಯ ಕನಸು. ಹೆದರಿಕೆಯಿಂದ ಆಪರೇಶನ್ ಮುಂದೂಡಬೇಡಿ, ಔಷಧ ಬಿಡಬೇಡಿ.

ಮಗು ರಾತ್ರಿ ಕಿರುಚಿ ಕೂರುತ್ತದೆ, ಬೆಳಿಗ್ಗೆ ನೆನಪಿರುವುದಿಲ್ಲ. ಏನು ಮಾಡಲಿ?
ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ ಹೀಗಾದರೆ ಅದು ಕನಸಲ್ಲ, ಗಾಢ ನಿದ್ದೆಯಲ್ಲಿ ಬರುವ ಬೆಚ್ಚುವಿಕೆ. ಅಲುಗಾಡಿಸಿ ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ. ಬೆಳೆಯುತ್ತಾ ಹೋದಂತೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತದೆ. ಪದೇ ಪದೇ ಆದರೆ ಮಕ್ಕಳ ವೈದ್ಯರಿಗೆ ತೋರಿಸಿ.

ನೆನಪಿಡಿ

ಕನಸಿನ ಅಭ್ಯಾಸಕ್ಕಿಂತ ನಿದ್ದೆ ದೊಡ್ಡದು. ನಿದ್ದೆ ಕೆಡುತ್ತಿದೆ ಎನಿಸಿದರೆ ಅಭ್ಯಾಸ ಬಿಡಿ. ಕೆಟ್ಟ ಕನಸು ವಾರಕ್ಕೆ ಹಲವು ಸಲ ಬಂದು ಒಂದು ತಿಂಗಳಾದರೂ ನಿಲ್ಲದಿದ್ದರೆ, ಮಲಗಲು ಹೆದರಿಕೆಯಾದರೆ, ಬದುಕು ಸಾಕು ಎಂಬ ಯೋಚನೆ ಬಂದರೆ ಮುಚ್ಚಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಳರೋಗಿಗಳು ಬೆಳಿಗ್ಗೆ ನಿದ್ದೆಯ ಬಗ್ಗೆ ಕೇಳಿದಾಗ ಕನಸನ್ನೂ ಹೇಳಿ. ಬಿ.ಪಿ., ಜ್ವರದಂತೆ ಅದೂ ನಿಮ್ಮ ಆರೈಕೆಗೆ ಬೇಕಾದ ಮಾಹಿತಿಯೇ.